ಕೊಳಲೋ ಪಿಟೀಲೋ

ಸಂಗೀತದ ಟೀಚರಿಗೆ ಅನ್ನ ಹಾಕುತ್ತಿದ್ದದ್ದು ಕಿವಿ. ಇಪ್ಪತ್ತೆರಡು ವರ್ಷದಿಂದ ಅದೇ ಶಾಲೆ, ಮೂರನೇ ಮಹಡಿಯ ಅದೇ ಕೋಣೆ. ಪ್ರತಿ ಸೋಮವಾರ ಒಬ್ಬ ಹುಡುಗಿಯನ್ನು ಪರದೆಯ ಹಿಂದೆ ಕೂರಿಸಿ ನುಡಿಸಲು ಹೇಳುವರು. ಯಾವ ವಾದ್ಯವೆಂದು ಉಳಿದವರು ಗುರುತಿಸಬೇಕು.

"ಸ್ವರ ಒಂದೇ ಇದ್ರೂ ವಾದ್ಯದ ಬಣ್ಣ ಬೇರೆ ಬೇರೆ. ಅಮ್ಮ ಕರೆದ್ರೆ ನೋಡದೇನೇ ಗೊತ್ತಾಗಲ್ವಾ, ಹಾಗೆ."

ಆ ಸೋಮವಾರ ಪರದೆಯ ಹಿಂದಿನಿಂದ ಬಂದದ್ದು ತಗಡು ಬಡಿದಂಥ ಸದ್ದು. ಸ್ವರಗಳೆಲ್ಲ ಸರಿಯಾಗಿಯೇ ಇದ್ದವು. ಕೊಳಲೋ ಪಿಟೀಲೋ, ಅದೊಂದು ಮಾತ್ರ ಟೀಚರಿಗೆ ತಿಳಿಯಲಿಲ್ಲ.

"ಕೊಳಲು, ಅಲ್ವಾ ಟೀಚರ್?"

"ನೀವೇ ನೋಡಿ," ಎಂದು ಪರದೆ ಸರಿಸಿದರು.

ತಲೆನೋವೆಂದು ಹೇಳಿ ಮನೆಗೆ ಬಂದು ಚಿಲಕ ಹಾಕಿಕೊಂಡು ಕೂತರು. ನಾಲ್ಕು ಗಂಟೆಗೆ ಯಾರೋ ಬಾಗಿಲು ಬಡಿದರು.

"ಅಕ್ಕ, ತೆಗಿಯೇ."

ಜೊತೆಯಲ್ಲೇ ಇರುವ ತಂಗಿ ಕೆಲಸ ಮುಗಿಸಿ ಬರುವ ಹೊತ್ತು ಅದು. ಆದರೆ ಈ ದನಿ ಅವಳದಲ್ಲ.

"ಯಾರು ನೀನು?"

"ಏನೇ ಇದು ತಮಾಷೆ? ಹಾಲಿನ ಪಾಕೆಟ್ ಸೋರ್ತಿದೆ, ತೆಗಿ."

ಕಿಟಕಿಯ ಸಂದಿಯಿಂದ ಇಣುಕಿದರು. ಮುಖ ತಂಗಿಯದೇ, ಅದರೊಳಗಿಂದ ಇನ್ನ್ಯಾರೋ ಮಾತಾಡುತ್ತಿದ್ದರು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು.

"ನನಗೆ ಹುಚ್ಚು ಹಿಡೀತಿದೆ ಕಣೇ."

"ಹಿಡೀಲಿ ಬಿಡು, ನಾನಿದೀನಲ್ಲ. ಮೊದ್ಲು ಚಿಲಕ ತೆಗಿ."

ಅಂದೇ ತಂಗಿ ಆಸ್ಪತ್ರೆಗೆ ಎಳೆದೊಯ್ದಳು. ಸ್ಕ್ಯಾನ್ ನೋಡಿದ ಡಾಕ್ಟರು, "ಕಿವಿ ಚೆನ್ನಾಗಿದೆ. ಮೆದುಳಲ್ಲಿ ಒಂದು ಸಣ್ಣ ರಕ್ತನಾಳ ಕಟ್ಕೊಂಡಿದೆ. ಅದಕ್ಕೇ ದನಿಗಳ ಗುರುತು ಸಿಗ್ತಿಲ್ಲ. ವಾಪಸ್ ಬರಬಹುದು, ಬರದೇನೂ ಇರಬಹುದು," ಎಂದರು.

"ಇನ್ನೊಂದು ಕಟ್ಕೊಂಡ್ರೆ?" ಎಂದು ಟೀಚರು ಕೇಳಿದರು.

ಡಾಕ್ಟರು ಮಾತ್ರೆ ಬರೆಯತೊಡಗಿದರು.

ತಿಂಗಳು ಕಳೆದ ಮೇಲೆ ತರಗತಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮಕ್ಕಳು ಪಿಳಿಪಿಳಿ ನೋಡಿದರು.

"ಹಾಗಾದ್ರೆ ನಿಮಗೇನು ಕೇಳುತ್ತೆ ಟೀಚರ್?" ಎಂದಳು ಒಬ್ಬಳು.

ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಹಾಡಿನ ಆಕಾರ ಕೇಳುತ್ತಿತ್ತು: ಪಲ್ಲವಿ ಎಲ್ಲಿ ಮರಳುತ್ತದೆ, ಹೊಸ ಭಾಗ ಎಲ್ಲಿ ಶುರುವಾಗುತ್ತದೆ. ಒಂದೇ ಎಳೆಯ ರಾಗವೋ, ಎರಡು ಮೂರು ಎಳೆ ಹೆಣೆದುಕೊಂಡಿವೆಯೋ, ಆ ನೇಯ್ಗೆಯೂ ಕೇಳುತ್ತಿತ್ತು. ಆ ವರ್ಷವೆಲ್ಲ ಅದನ್ನೇ ಕಲಿಸಿದರು.

ಎಂಟು ತಿಂಗಳಿಗೆ ಪಿಟೀಲು ಮರಳಿತು. ಕೊಳಲು ಅರ್ಧಂಬರ್ಧ. ತಂಗಿಯ ದನಿ ಬರಲೇ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಈಗಲೂ ಲೋಟಕ್ಕೆ ಚಮಚ ತಾಗಿಸಿ ನೋಡುತ್ತಾರೆ, ರಾತ್ರಿ ಕಳೆಯುವಷ್ಟರಲ್ಲಿ ಇನ್ನೇನು ಹೋಯಿತೋ ಎಂದು. ಆ ಸದ್ದು ಕೇಳಿದರೆ ತಂಗಿ ಅಡುಗೆಮನೆಯಿಂದ, "ನಾನು ಕಣೇ," ಎಂದು ಹೇಳಿಯೇ ಉಳಿದ ಮಾತು ಶುರು ಮಾಡುತ್ತಾಳೆ.