ವಾರ್ಡಿಗೆ ಬಂದ ಹದಿನಾರನೇ ಸೋಮವಾರ

ಉಪವಾಸದಲ್ಲಿ ನಾನು ಚಾಂಪಿಯನ್. ತಿಕೋಟಾದಲ್ಲಿ ಯಾರನ್ನು ಬೇಕಾದರೂ ಕೇಳಿ. ಸೋಮವಾರ ಶಿವನಿಗೆ, ಮಂಗಳವಾರ ದೇವಿಗೆ, ಗುರುವಾರ ಗುರುವಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ಹನುಮಪ್ಪನಿಗೆ. ಬುಧವಾರಕ್ಕೆ ದೇವರು ಸಿಗದೆ ಒದ್ದಾಡುತ್ತಿದ್ದಾಗ ಗಣಪತಿ ಕೈಹಿಡಿದ. ರವಿವಾರ ಹೊಟ್ಟೆನೋವು. ಓಣಿಯ ಹೆಂಗಸರು ತಮ್ಮ ಹುಡುಗಿಯರನ್ನು ಕರೆತಂದು, ಪ್ರವಾಸಿಗರಿಗೆ ಗೋಳಗುಮ್ಮಟ ತೋರಿಸಿದಂತೆ ನನ್ನನ್ನು ತೋರಿಸುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಹೊಗಳಿದವಳು ಬಬಲೇಶ್ವರದ ಅತ್ತಿ, ಅಪ್ಪನ ಅಕ್ಕ. ಹದಿನಾರು ಸೋಮವಾರದ ವ್ರತ ಹಿಡಿಸಿದವಳೂ ಅವಳೇ. ಹದಿನೈದು ಮುಗಿಸಿ ಕಾಲೇಜಿನ ಮೆಟ್ಟಿಲ ಮೇಲೆ ಬಿದ್ದೆ. ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರ್, ಹುಡುಗಿ ಯಾವ್ಯಾವ ದಿನ ಊಟ ಬಿಡುತ್ತಾಳೆ ಎಂದು ಕೇಳಿದರು. ಅವ್ವ ಎಣಿಸತೊಡಗಿದಳು. ಒಂದು ಕೈಯ ಬೆರಳು ಸಾಲಲಿಲ್ಲ. ಡಾಕ್ಟರರ ಪೆನ್ನು ನಿಂತೇಹೋಯಿತು.

ಇದು ಭಕ್ತಿಯಲ್ಲ, ಊಟವನ್ನೇ ದೂರ ಮಾಡಿಸುವ ಅನೋರೆಕ್ಸಿಯಾ ಎಂಬ ಕಾಯಿಲೆ ಎಂದರು. ಹೃದಯದ ಬಡಿತ ನಿಧಾನವಾಗಿದೆ, ಇನ್ನು ಒಂದು ಊಟವನ್ನೂ ಬಿಡುವಂತಿಲ್ಲ. ದ್ರಾಕ್ಷಿ ಬೆಳೆಯುವ ಅಪ್ಪ, ಒಣದ್ರಾಕ್ಷಿಯ ಶೆಡ್ಡಿನೊಳಗೆ ಬತ್ತಿದ ಗೊಂಚಲು ನೋಡುವವನಂತೆ ನನ್ನನ್ನು ನೋಡಿದ.

ವಾರ್ಡಿನಲ್ಲಿ ಊಟಕ್ಕೆ ಅರ್ಧ ತಾಸು. ಎದುರಿಗೆ ಸಿಸ್ಟರ್. ಆಕೆ ಕಣ್ಣು ಮಿಟುಕಿಸುವುದನ್ನು ಬಿಟ್ಟು ವರ್ಷಗಳೇ ಆಗಿರಬೇಕು. ಬೆಳಿಗ್ಗೆ ರಕ್ತ ತೆಗೆಯುವವನು ನಮ್ಮ ಓಣಿಯ ಹಾಲಿನವನಿಗಿಂತ ಶಿಸ್ತಿನವನು. ಅರ್ಧ ಚಪಾತಿ ಎರಡು ಎಕರೆ ಕಾಣುತ್ತಿತ್ತು. ಇಲ್ಲಿಯವರೆಗೆ ಸ್ವಲ್ಪ ಹೆಚ್ಚಿಸಿ ಹೇಳಿದ್ದೇನೆ. ಆ ಚಪಾತಿಯ ವಿಷಯದಲ್ಲಿ ಮಾತ್ರ ಇಲ್ಲ.

ಐದನೇ ದಿನ ಸೋಮವಾರ, ವ್ರತದ ಹದಿನಾರನೆಯದು. ಮಧ್ಯಾಹ್ನದ ತಟ್ಟೆ ಬರುವ ಹೊತ್ತಿಗೆ ಸರಿಯಾಗಿ ಅತ್ತಿ ವಿಭೂತಿ ಹಿಡಿದು ಬಂದಳು. ನನ್ನ ಹಣೆಗೆ ಹಚ್ಚಿ ಸಿಸ್ಟರ್ ಕಡೆ ತಿರುಗಿದಳು.

"ಹದಿನೈದು ಮಾಡ್ಯಾಳ್ರಿ. ಇದೊಂದು ಬಿಟ್ರ ವ್ರತಾ ಮುರದಂಗ. ಇವತ್ತೊಂದಿನಾ ಹಾಲಿನ ಮ್ಯಾಲ ಇರಲಿ ಬಿಡ್ರಿ."

ಸಿಸ್ಟರ್ ಆಗುವುದಿಲ್ಲ ಎಂದರು. ಅತ್ತಿ, ಅವ್ವನ ಪಕ್ಕ ಕೂತಿದ್ದ ಅಪ್ಪನನ್ನು ನೋಡಿದಳು. ಅಪ್ಪ, ಡಾಕ್ಟರರನ್ನೇ ಒಂದು ಮಾತು ಕೇಳಿ ಬರುತ್ತೇನೆಂದು ಎದ್ದ. ನನ್ನೊಳಗಿನ ಕಾಯಿಲೆ ಬ್ಯಾಂಡ್ ಬಾರಿಸಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಊಟ ತಪ್ಪುತ್ತಿತ್ತು, ಪುಣ್ಯವೂ ಸಿಗುತ್ತಿತ್ತು.

ಆದರೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷ ಇವರಲ್ಲಿ ಒಬ್ಬರೂ ನಿನಗೆ ಹಸಿವಾಗುವುದಿಲ್ಲವೇ ಎಂದು ಕೇಳಲಿಲ್ಲ. ಏಕಾದಶಿ ಇವತ್ತೋ ನಾಳೆಯೋ ಎಂದು ಮಾತ್ರ ನನ್ನನ್ನು ಕೇಳುತ್ತಿದ್ದರು, ನಾನೇನು ಪಂಚಾಂಗವೇ?

"ಅತ್ತಿ, ನಾ ದೇವರಿಗಂತ ಒಂದಿನಾನೂ ಉಪವಾಸ ಮಾಡಿಲ್ಲ. ನೀವೆಲ್ಲಾ ಭೇಷ್ ಅಂತಿದ್ರಿ, ಅದಕ್ಕ ಮಾಡಿದ್ನಿ. ಆಮ್ಯಾಲ ಬಿಡಾಕ ಬರಲಿಲ್ಲ."

"ಹಂಗ ಅನಬಾರ್ದು ಬೇ, ದೇವರ ಮಾತೈತಿ" ಎಂದಳು ಅತ್ತಿ. ದನಿ ಮಾತ್ರ ಸಣ್ಣಗಾಗಿತ್ತು.

ಆಗ ಅವ್ವ ಎದ್ದಳು. ಅತ್ತಿಯ ಮುಂದೆ ಸೆರಗು ಸರಿಮಾಡಿಕೊಳ್ಳುವುದು ಬಿಟ್ಟು ಬೇರೇನನ್ನೂ ಮಾಡದ ಅವ್ವ. ಮದುವೆಯಾದಾಗಿನಿಂದ ಅವಳೂ ಸೋಮವಾರ ಒಪ್ಪತ್ತು, ರಾತ್ರಿಯವರೆಗೆ ಏನೂ ಮುಟ್ಟುವುದಿಲ್ಲ. ಅಪ್ಪನಿಗೆಂದು ತಂದ ರೊಟ್ಟಿ ಗಂಟು ಬಿಚ್ಚಿ ನನ್ನ ಎದುರು ಕೂತಳು.

"ಮುರೀಲಿ ಬಿಡ್ರಿ ಅಕ್ಕಾರ. ಪಾಪ ಬಂದ್ರ ನನಗ ಬರ್ಲಿ. ಇವತ್ತ ನಾನೂ ಉಣ್ತೀನಿ."

ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಬಾಗಿಲವರೆಗೆ ಹೋಗಿದ್ದ ಅಪ್ಪ ತಿರುಗಿ ಬಂದು ಕೂತ.

ಇನ್ನು ಹನ್ನೆರಡು ನಿಮಿಷ ಇದೆ ಎಂದರು ಸಿಸ್ಟರ್. ಅತ್ತಿಯ ಮೇಲಿನ ಸಿಟ್ಟನ್ನೆಲ್ಲ ಹಲ್ಲಿಗೆ ತಂದು ಅಗಿದೆ. ಆದರೂ ಕಾಲು ಚಪಾತಿ ಉಳಿಯಿತು. ಸಿಸ್ಟರ್ ಬೈಯಲಿಲ್ಲ, ಹೊಗಳಲೂ ಇಲ್ಲ. ಉಳಿದದ್ದರ ಬದಲಿಗೆ ಪ್ರೋಟೀನ್ ಪುಡಿ ಕಲಸಿದ ಒಂದು ಗ್ಲಾಸ್ ಹಾಲು ತಂದಿಟ್ಟರು. ಅಳುತ್ತ, ಮನಸ್ಸಿನಲ್ಲೇ ಎಲ್ಲರನ್ನೂ ಬೈಯುತ್ತ, ತಳದವರೆಗೂ ಕುಡಿದೆ.