ಪಾಪಣ್ಣನವರ ಮುಂದೆ ಇಳಿಸಿದ ಮಾಸ್ಕ್

2021ರ ಏಪ್ರಿಲ್‌ನಲ್ಲಿ ನಾನು ಕೆಜಿಎಫ್‌ನ ಊರಿಗಾಂ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಸ್ಟಾಫ್ ನರ್ಸ್ ಆಗಿದ್ದೆ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷವಾಗಿತ್ತು. ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಸ್ಕೂಟರ್‌ನಲ್ಲಿ ಬಂದು ಹೋಗುತ್ತಿದ್ದೆ. ಕೊರೊನಾದ ಎರಡನೇ ಅಲೆ ಏರುತ್ತಿದ್ದ ದಿನಗಳು. ಸೋಂಕು ತಗುಲಿ ಮನೆಯಲ್ಲೇ ಇದ್ದವರನ್ನು ನೋಡಿ ಬರುವುದು, ಉಸಿರಾಟದ ಕಾಯಿಲೆಯಿರುವ ವಯಸ್ಸಾದವರನ್ನು ವಾರಕ್ಕೊಮ್ಮೆ ಪರೀಕ್ಷಿಸುವುದು, ಮಾಸ್ಕ್ ಹಂಚಿ ಅದನ್ನು ಹಾಕುವ ಕ್ರಮ ಹೇಳಿಕೊಡುವುದು, ಇವು ನನ್ನ ಕೆಲಸ.

ಮಾಸ್ಕ್ ವಿಚಾರದಲ್ಲಿ ಜನ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದರಿಂದ ನಿಜವಾಗಿ ತಡೆಯುತ್ತದೆಯೇ? ತಡೆಯುತ್ತದೆ, ಆದರೆ ಪೂರ್ತಿ ಅಲ್ಲ ಎನ್ನುತ್ತಿದ್ದೆ. ನೀಲಿ ಬಣ್ಣದ ಸರ್ಜಿಕಲ್ ಮಾಸ್ಕ್ ಕೆಮ್ಮು, ಮಾತಿನ ತುಂತುರನ್ನು ಹಿಡಿಯುತ್ತದೆ; ಕೆನ್ನೆಯ ಪಕ್ಕದ ಸಂದಿನಲ್ಲಿ ಗಾಳಿ ನುಸುಳುತ್ತದೆ. ಎನ್95 ಮುಖಕ್ಕೆ ಬಿಗಿಯಾಗಿ ಕೂತರೆ ಅತಿ ಸಣ್ಣ ಕಣಗಳನ್ನೂ ಬಹುಪಾಲು ಸೋಸುತ್ತದೆ. ಬಟ್ಟೆಯದು ಏನೂ ಇಲ್ಲದ್ದಕ್ಕಿಂತ ವಾಸಿ. ಸೋಂಕಿರುವವರು ಹಾಕಿಕೊಂಡರೆ ವೈರಸ್ಸು ಹೊರಗೆ ಬರುವ ಜಾಗದಲ್ಲೇ ಕಡಿಮೆಯಾಗುತ್ತದೆ, ಎದುರಿನವರೂ ಹಾಕಿಕೊಂಡರೆ ಇನ್ನಷ್ಟು. ಗಾಳಿಯಾಡದ ಕೋಣೆಯಲ್ಲಿ ಹೊತ್ತು ಹೆಚ್ಚಾದಷ್ಟೂ ಅಪಾಯವೂ ಹೆಚ್ಚು. ಇಷ್ಟನ್ನೂ ನಿದ್ದೆಗಣ್ಣಲ್ಲೂ ಹೇಳಬಲ್ಲವಳಾಗಿದ್ದೆ.

ನಮ್ಮ ಪಟ್ಟಿಯಲ್ಲಿದ್ದ ವಯಸ್ಸಾದವರಲ್ಲಿ ಅನೇಕರು ಚಿನ್ನದ ಗಣಿಯಲ್ಲಿ ದುಡಿದವರು. ಕಲ್ಲಿನ ದೂಳು ಕುಡಿದು ಕುಡಿದು ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಅವರ ಕಾಯಿಲೆ. ಪಾಪಣ್ಣ ಅವರಲ್ಲೊಬ್ಬರು. ವಯಸ್ಸು ಎಪ್ಪತ್ತನಾಲ್ಕು. ಕ್ಯಾಸಂಬಳ್ಳಿ ಕಡೆಯ ರೈತರ ಮನೆಯಲ್ಲಿ ಹುಟ್ಟಿ, ಹದಿಹರೆಯದಲ್ಲೇ ಗಣಿಗೆ ಇಳಿದು, ಕೆಲಸವಿದ್ದಷ್ಟು ಕಾಲವೂ ಡ್ರಿಲ್ಲಿಂಗ್ ಮಷೀನು ಹಿಡಿದಿದ್ದವರು. ಮಷೀನಿನ ಸದ್ದಿಗೆ ಎರಡು ಕಿವಿಯೂ ಹೋಗಿದ್ದವು. ಹೂವು ಮಾರುವ ಮಗಳು ಲಕ್ಷ್ಮಿಯ ಜೊತೆ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆಯೊಂದರಲ್ಲಿ ಇದ್ದರು. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ. ಗಣಿಯ ತ್ಯಾಜ್ಯ ಸುರಿದು ಬೆಳೆದ ಸೈನೈಡ್ ಗುಡ್ಡದ ಬಿಳಿ ದೂಳು ಬೇಸಿಗೆಯ ಗಾಳಿಗೆ ನುಗ್ಗಿ ಕೆಮ್ಮು ಹೆಚ್ಚಾಗುತ್ತದೆಂದು ಕಿಟಕಿ ಸದಾ ಮುಚ್ಚಿರುತ್ತಿತ್ತು.

ಅವರಿಗೆ ಎನ್95 ಹಾಕಿ ನೋಡಿದ್ದೆ. ಎರಡೇ ನಿಮಿಷಕ್ಕೆ ಏದುಸಿರು ಬಂದು ಕಿತ್ತೆಸೆದಿದ್ದರು. ಸರ್ಜಿಕಲ್ ಮಾಸ್ಕೂ ಒಗ್ಗಲಿಲ್ಲ. ಹಾಗಾಗಿ ಲಕ್ಷ್ಮಿಗೆ ನಾನೇ ಹೇಳಿದ್ದೆ: "ತಾತಂಗೆ ಹಾಕೋಕಾಗಲ್ಲ. ಅದಕ್ಕೇ ಈ ಮನೆಗೆ ಬರೋರು ಹಾಕಿರಲೇಬೇಕು. ಯಾರೇ ಆಗಲಿ."

ಆದರೆ ಪಾಪಣ್ಣನವರು ಕೇಳಿಸಿಕೊಳ್ಳುತ್ತಿದ್ದುದು ಕಣ್ಣಿನಿಂದ. ಡ್ರಿಲ್ಲಿಂಗ್ ನಡೆಯುವಾಗ ಗಣಿಯಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ತಲೆಯ ಮೇಲಿನ ದೀಪದ ಬೆಳಕನ್ನು ಎದುರಿನವನ ಬಾಯಿಗೆ ಬಿಟ್ಟು, ತುಟಿ ಓದಿಯೇ ಮಾತು ನಡೆಯುತ್ತಿತ್ತಂತೆ. ಆ ಅಭ್ಯಾಸವೇ ಮುಪ್ಪಿನಲ್ಲಿ ಅವರ ಕಿವಿಯಾಗಿತ್ತು. ಪಕ್ಕದ ಮನೆಯವರು, ಹಾಲು ಕೊಡುವವರು, ಎಲ್ಲರೂ ಅವರ ಮುಂದೆ ನಿಂತಾಗ ಮಾಸ್ಕ್ ಗದ್ದಕ್ಕೆ ಇಳಿಸಿಯೇ ಮಾತಾಡುತ್ತಿದ್ದರು. ಬೀದಿಯಲ್ಲಿ ತಪ್ಪದೆ ಹಾಕುತ್ತಿದ್ದವರು ಕೂಡ, ಸೋಂಕು ತಗುಲಿದರೆ ಉಳಿಯುವುದೇ ಕಷ್ಟವಿದ್ದ ಮನುಷ್ಯನ ಎದುರಿಗೆ ಮಾತ್ರ ತೆಗೆಯುತ್ತಿದ್ದರು. ನಮ್ಮ ಆಶಾ ಕಾರ್ಯಕರ್ತೆ ರತ್ನಮ್ಮನನ್ನು ಇದಕ್ಕಾಗಿ ಒಮ್ಮೆ ಗದರಿದ್ದೆ. ಆಕೆ ನಕ್ಕು, "ಈ ತಾತ್ನ ಅತ್ರ ಮಾಸ್ಕ್ ಆಕ್ಕಂಡು ಮಾತಾಡೋದೂ ಒಂದೇ, ಗ್ವಾಡೆ ಅತ್ರ ಮಾತಾಡೋದೂ ಒಂದೇ ಮೇಡಮ್" ಎಂದಿದ್ದಳು.

ಆ ಮಂಗಳವಾರ ನಾನೊಬ್ಬಳೇ ಹೋಗಿದ್ದೆ. ಲಕ್ಷ್ಮಿ ಹೂವು ತೆಗೆದುಕೊಂಡು ಆಂಡರ್ಸನ್‌ಪೇಟೆಗೆ ಹೋಗಿದ್ದಳು. ಪಾಪಣ್ಣನವರ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಸಣ್ಣ ಯಂತ್ರ ಅದು. ಎಂದಿನಂತೆ 92. ಬೇರೆಯವರಿಗೆ ಇದು ಗಾಬರಿಯ ಅಂಕಿ. ಅವರಿಗೆ ಇದೇ ಸಹಜ. ಆಮೇಲೆ ಎರಡನೇ ಡೋಸ್ ಲಸಿಕೆಗೆ ಯಾವಾಗ, ಎಲ್ಲಿಗೆ ಬರಬೇಕೆಂದು ಹೇಳತೊಡಗಿದೆ. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಗಟ್ಟಿಯಾಗಿ ಹೇಳಿದೆ, ಕೈಸನ್ನೆ ಮಾಡಿದೆ. ಎರಡು ಬೆರಳು ತೋರಿಸಿದರೆ ಎರಡು ಮಾತ್ರೆ ನುಂಗಬೇಕೆಂದು ತಿಳಿದರು.

"ಬಾಯಿ ಮುಚ್ಕಂಡು ಮಾತಾಡಿದ್ರೆ ನಂಗೇನು ತಿಳೀತೈತಮ್ಮಾ? ನನ್ ಕಿವಿ ಇರೋದು ನಿನ್ ಬಾಯಾಗೆ," ಎಂದರು.

ನನಗೆ ನಗು ಬಂತು. ಎನ್95 ಅನ್ನು ಗದ್ದಕ್ಕೆ ಇಳಿಸಿದೆ. ಮುಖಕ್ಕೆ ತಣ್ಣಗೆ ಗಾಳಿ ತಾಗಿ ಹಾಯೆನಿಸಿದ್ದು ಇಂದಿಗೂ ನೆನಪಿದೆ. ಲಸಿಕೆಯ ಮಾತು ಒಂದು ನಿಮಿಷದ್ದು. ಆದರೆ ಅವರು ನಮ್ಮೂರು ಯಾವುದು, ಮನೆಯಲ್ಲಿ ಎಷ್ಟು ಹಸು ಎಂದು ಕೇಳಿದರು, ನಾನು ಹೇಳಿದೆ. ಹತ್ತು ನಿಮಿಷವಾಗಿರಬೇಕು. ನಮ್ಮಿಬ್ಬರ ನಡುವೆ ಎರಡು ಮೊಳವೂ ಇರಲಿಲ್ಲ. ಕಿಟಕಿ ಮುಚ್ಚಿತ್ತು. ಎದ್ದು ಬಾಗಿಲ ಬಳಿ ಬಂದು ಮಾಸ್ಕ್ ಮೇಲಕ್ಕೆ ಎಳೆದುಕೊಂಡು, ಮೂಗಿನ ಮೇಲಿನ ತಂತಿಯನ್ನು ಒತ್ತಿ ಸರಿಮಾಡಿಕೊಂಡೆ. ಆ ಕೆಲಸದಲ್ಲಿ ನಾನು ಬಹಳ ಅಚ್ಚುಕಟ್ಟು.

ಗುರುವಾರ ಬೆಳಿಗ್ಗೆ ಗಂಟಲು ಕೆರೆಯಿತು. ಪರೀಕ್ಷೆ ಮಾಡಿಸಿದೆ, ಪಾಸಿಟಿವ್. ಎರಡೂ ಡೋಸ್ ಆಗಿದ್ದರಿಂದ ನನ್ನ ಬಗ್ಗೆ ಅಷ್ಟು ಹೆದರಿಕೆಯಾಗಲಿಲ್ಲ. ಊರಿಗೆ ಬಂದು, ಖಾಲಿ ಬಿದ್ದಿದ್ದ ರೇಷ್ಮೆ ಹುಳುಮನೆಯಲ್ಲಿ ಹಾಸಿಗೆ ಹಾಕಿಕೊಂಡೆ. ಈ ಸೋಂಕು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಬೇರೆಯವರಿಗೆ ಹರಡಬಲ್ಲದು. ಅಂದರೆ ಮಂಗಳವಾರವೂ ಆ ಲೆಕ್ಕಕ್ಕೆ ಬರುತ್ತದೆ. ಗೊತ್ತಿದ್ದೂ ಆ ಯೋಚನೆಯನ್ನು ಪಕ್ಕಕ್ಕೆ ಸರಿಸುತ್ತಿದ್ದೆ.

ಮಧ್ಯಾಹ್ನ ನಮ್ಮ ವೈದ್ಯಾಧಿಕಾರಿಗಳು ಫೋನ್ ಮಾಡಿದರು. ನಾನು ಹೋಗಿದ್ದ ಮನೆಗಳ ಪಟ್ಟಿ ಬೇಕಾಗಿತ್ತು. ಮಾಸ್ಕ್ ಇಲ್ಲದೆ ಹತ್ತಿರದಲ್ಲಿ ಕೂತಿದ್ದರೆ ಅವರು ಪ್ರಾಥಮಿಕ ಸಂಪರ್ಕ. ಕೂಡಲೇ ಪರೀಕ್ಷೆ, ದಿನಾ ನಿಗಾ. ಮಾಸ್ಕ್ ಹಾಕಿದ್ದರೆ ಅಪಾಯ ಕಡಿಮೆ, ಲಕ್ಷಣ ಬಂದರೆ ನೋಡೋಣ ಎನ್ನುವ ಸಾಲು. ಪರೀಕ್ಷೆಗೆ ಅಷ್ಟು ನೂಕುನುಗ್ಗಲಿದ್ದ ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ.

"ಎಲ್ಲಾ ಮನೇಲೂ ಎನ್95 ಹಾಕಿದ್ರಿ ಅಲ್ವಾ ಸಿಸ್ಟರ್?"

"ಹಾಕಿದ್ದೆ ಸರ್."

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗುತ್ತಿಗೆ ಕೆಲಸ ಹೋಗುತ್ತದೆಂಬ ಭಯವಿತ್ತು. ರತ್ನಮ್ಮನನ್ನು ಗದರಿದ ನಾನೇ ಹೀಗೆ ಮಾಡಿದೆನೆಂಬ ನಾಚಿಕೆ ಅದಕ್ಕಿಂತ ದೊಡ್ಡದಿತ್ತು. ಜೊತೆಗೆ, ಎಂಟು ಗಂಟೆಯಲ್ಲಿ ಹತ್ತು ನಿಮಿಷ ಬಿಟ್ಟರೆ ಹಾಕಿಯೇ ಇದ್ದೆನಲ್ಲ ಎಂದು ಮನಸ್ಸು ವಕೀಲಿಕೆ ಮಾಡಿತು.

ಶುಕ್ರವಾರವಿಡೀ ಜ್ವರದಲ್ಲಿ ಕಳೆದೆ. ಶನಿವಾರ ಬೆಳಿಗ್ಗೆ ಅಮ್ಮ ಗಂಜಿ ತಂದು ಹೊಸ್ತಿಲ ಹೊರಗಿಟ್ಟು ಹೋಗುವ ಬದಲು, ಸೆರಗು ಕೂಡ ಅಡ್ಡ ಹಿಡಿಯದೆ ಬಾಗಿಲಲ್ಲಿ ನಿಂತು ಜ್ವರ ಹೇಗಿದೆ ಎಂದು ವಿಚಾರಿಸತೊಡಗಿದಳು. ನಾನು ರೇಗಿ, ಮಾಸ್ಕ್ ಎಲ್ಲಿ ಎಂದೆ.

"ಎರಡು ಮಾತಾಡಾಕೆ ಅದ್ಯಾಕೆ ಬಿಡಮ್ಮಿ? ಎರಡು ಮಾತಿಗೆ ಏನಾಗ್ತೈತೆ," ಎಂದಳು.

ಅವಳನ್ನು ಕಳಿಸಿ, ಗಂಜಿ ಮುಟ್ಟದೆ ಫೋನ್ ತೆಗೆದುಕೊಂಡೆ. ವೈದ್ಯಾಧಿಕಾರಿಗಳಿಗೆ ಮಂಗಳವಾರದ ಹತ್ತು ನಿಮಿಷವನ್ನು ಇದ್ದಂತೆ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. "ಮೊನ್ನೆ ಕೇಳಿದೆನಲ್ಲಮ್ಮ," ಎಂದಷ್ಟೇ ಹೇಳಿ ಫೋನ್ ಇಟ್ಟರು.

ಒಂದು ಗಂಟೆಯೊಳಗೆ ರತ್ನಮ್ಮ ಪಾಪಣ್ಣನವರ ಬಾಗಿಲಲ್ಲಿದ್ದಳು. ಅವರಿಗೆ ಹಿಂದಿನ ದಿನದಿಂದ ಕೆಮ್ಮು ಜಾಸ್ತಿಯಾಗಿತ್ತು. ಗುಡ್ಡದ ದೂಳಿಗೆ ಬಂದದ್ದೆಂದು ಲಕ್ಷ್ಮಿ ಶುಂಠಿ ಕಷಾಯ ಕೊಟ್ಟಿದ್ದಳು. ಆಮ್ಲಜನಕ 90. ಎರಡೇ ಅಂಕಿ ಇಳಿದಿತ್ತು. ತಂದೆ, ಮಗಳು ಇಬ್ಬರ ಸ್ಯಾಂಪಲ್ಲೂ ಅಂದೇ ಹೋಯಿತು.

ಅಲ್ಲಿಂದ ನಾಲ್ಕು ದಿನ ನಾನು ಬದುಕಿದ್ದು ರತ್ನಮ್ಮನ ಫೋನಿನ ಮೇಲೆ. ಬೆಳಿಗ್ಗೆ ಒಂದು ಅಂಕಿ, ಸಂಜೆ ಒಂದು ಅಂಕಿ. ಭಾನುವಾರ 90, 89. ಸೋಮವಾರ ಬೆಳಿಗ್ಗೆ 90 ಆದಾಗ ಹುಳುಮನೆಯ ತಟ್ಟೆಗಳ ನಡುವೆ ಕೂತು ಅತ್ತುಬಿಟ್ಟೆ. ಸಂಜೆಗೆ 88. ಮಂಗಳವಾರ ಇಬ್ಬರ ವರದಿಯೂ ಬಂತು, ಇಬ್ಬರೂ ಪಾಸಿಟಿವ್. ಲಕ್ಷ್ಮಿಗೆ ಬರೀ ನೆಗಡಿ. ಬುಧವಾರ ಬೆಳಿಗ್ಗೆ ಪಾಪಣ್ಣನವರದು 85ಕ್ಕೆ ಬಿತ್ತು. ಪಾಸಿಟಿವ್ ವರದಿ ಕೈಯಲ್ಲಿದ್ದವರಿಗೇ ಹಾಸಿಗೆ ಸಿಗುವುದು ಕಷ್ಟವಾಗಿದ್ದ ವಾರ ಅದು. ವರದಿ ಇದ್ದುದರಿಂದ ಅಂದು ಮಧ್ಯಾಹ್ನ ಆಮ್ಲಜನಕವಿದ್ದ ಒಂದು ಹಾಸಿಗೆ ಸಿಕ್ಕಿತು. ಶನಿವಾರವೂ ನಾನು ಬಾಯಿ ಬಿಡದಿದ್ದರೆ ವರದಿ ಇರುತ್ತಿರಲಿಲ್ಲ. ಕೆಮ್ಮಿಗೆ ಕಷಾಯವೇ ನಡೆಯುತ್ತಿತ್ತು. ಅವರು ಇರುತ್ತಿರಲಿಲ್ಲ.

ಹದಿನಾರು ದಿನದ ನಂತರ ಅವರು ಮನೆಗೆ ಬಂದರು. ಹೋಗುವ ಮೊದಲು ಮೂಲೆಯ ಅಂಗಡಿಯವರೆಗೆ ನಡೆಯುತ್ತಿದ್ದ ಮನುಷ್ಯ ಬಂದ ಮೇಲೆ ಬಚ್ಚಲಿಗೆ ಹೋಗಲೂ ಮಗಳ ಭುಜ ಹಿಡಿಯಬೇಕಾಯಿತು.

ಅವರಿಗೆ ನನ್ನಿಂದಲೇ ಬಂತೇ? ಖಚಿತವಾಗಿ ಹೇಳಲಾರೆ. ಲಕ್ಷ್ಮಿ ದಿನಾ ಮಾರ್ಕೆಟ್ಟಿನಲ್ಲಿ ಕೂರುತ್ತಿದ್ದಳು, ಅವಳಿಂದಲೂ ಬಂದಿರಬಹುದು. ಗುರುವಾರವೇ ಹೇಳಿದ್ದರೆ ಆ ದಿನದ ಸ್ಯಾಂಪಲ್‌ನಲ್ಲಿ ಸೋಂಕು ಕಾಣದೆಯೂ ಇರಬಹುದಿತ್ತು. ನನಗೆ ಗೊತ್ತಿರುವುದು ಇಷ್ಟು: ಅದೇ ಮಂಗಳವಾರ ಇನ್ನೂ ಒಂಬತ್ತು ಮನೆಗೆ ಹೋಗಿದ್ದೆ. ಒಂದು ಮನೆಯಲ್ಲಿ ಬಾಣಂತಿಯ ಜೊತೆ ಅರ್ಧ ಗಂಟೆ ಕೂತಿದ್ದೆ. ಇಬ್ಬರೂ ಮಾಸ್ಕ್ ಹಾಕಿದ್ದೆವು, ಬಾಗಿಲು ತೆರೆದಿತ್ತು. ಆ ಒಂಬತ್ತು ಮನೆಗಳಲ್ಲಿ ಯಾರೂ ಕಾಯಿಲೆ ಬಿದ್ದ ಸುದ್ದಿ ಬರಲಿಲ್ಲ. ಒಬ್ಬ ನರ್ಸಿನ ಒಂದು ದಿನದಿಂದ ಯಾವುದೂ ಸಾಬೀತಾಗುವುದಿಲ್ಲ. ಆದರೂ ಕಣ್ಣು ಮುಚ್ಚಿದರೆ ಆ ಹತ್ತನೇ ಮನೆ ಬರುತ್ತದೆ, ಮುಚ್ಚಿದ ಕಿಟಕಿ ಬರುತ್ತದೆ, ನನ್ನ ಬಾಯನ್ನೇ ನೋಡುತ್ತಿದ್ದ ಮುಖ ಬರುತ್ತದೆ.

ಜೂನ್‌ನಲ್ಲಿ ಅವರನ್ನು ನೋಡಲು ಹೋದೆ. ಹೊರಗೆ ಜಗಲಿಯ ಮೇಲೆ ಕೂರಿಸಿ, ಒಂದು ಮಾರು ದೂರದಲ್ಲಿ ಮಾಸ್ಕ್ ಹಾಕಿಕೊಂಡೇ ಕೂತೆ. ಪಕ್ಕದ ಮನೆಯ ಮಗುವಿನ ಸ್ಲೇಟು ಇಸಿದುಕೊಂಡಿದ್ದೆ. ಅವರು ನಾಲ್ಕನೇ ತರಗತಿವರೆಗೆ ಓದಿದ್ದರು, ದಪ್ಪಕ್ಷರವಾದರೆ ಓದುತ್ತಿದ್ದರು. ಇಷ್ಟು ಸುಲಭದ ಉಪಾಯ ಏಪ್ರಿಲ್‌ನಲ್ಲಿ ನನಗಾಗಲಿ, ಆ ಬೀದಿಯ ಯಾರಿಗೇ ಆಗಲಿ ಹೊಳೆದಿರಲಿಲ್ಲ. ನಡೆದುದನ್ನು ಒಂದೊಂದೇ ಸಾಲಾಗಿ ಬರೆದು ತೋರಿಸಿದೆ. ಪ್ರತಿ ಸಾಲನ್ನೂ ತುಟಿಯಾಡಿಸಿ ಓದಿದರು.

"ಯಾವತ್ತು ಯೋಳ್ದೆ ಡಾಕ್ಟ್ರಿಗೆ?" ಎಂದರು.

ಎರಡು ದಿನ ತಡವಾಗಿ ಎಂದು ಬರೆದೆ.

ಅವರು ಅದನ್ನೂ ಓದಿ, ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಾ ಹೇಳಿದರು: "ಗಣಿಯಾಗೆ ಬ್ಲಾಸ್ಟಿಂಗ್ ಆದ್ಮೇಲೆ ಮುಂದೆ ಓಗಿದ್ದೋನು ಒಗೆ ಐತೆ ಅಂತ ಮಿಕ್ಕೋರ್ಗೆ ಯೋಳ್ಬೇಕು. ತಡವಾಗಾದ್ರೂ ಯೋಳ್ದೋನ್ನ ನಾವು ಒಡೀತಿರ್ಲಿಲ್ಲ. ಆದ್ರೆ ಅಷ್ಟೊತ್ಗೆ ನಾವೆಷ್ಟು ಒಗೆ ಕುಡ್ದಿದ್ವಿ ಅಂತ ಅವ್ನಿಗೂ ಗೊತ್ತಿರ್ತಿತ್ತು, ನಮ್ಗೂ ಗೊತ್ತಿರ್ತಿತ್ತು."

ಅಷ್ಟು ಹೇಳಿ, ನಾನು ಕೇಳುವ ಮೊದಲೇ ತೋರುಬೆರಳನ್ನು ನನ್ನ ಕಡೆ ಚಾಚಿದರು. ಆಕ್ಸಿಮೀಟರ್ ಹಾಕಿದೆ. 88.

ಈಗ ನಾನು ಬಂಗಾರಪೇಟೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ನರ್ಸುಗಳಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ ಸೋಂಕು ತಡೆಯ ತರಬೇತಿ ಕೊಡುತ್ತೇನೆ. ಮಾಸ್ಕಿನ ಬಗೆಗಳನ್ನು ಮೊದಲಿನಂತೆಯೇ ವಿವರಿಸುತ್ತೇನೆ. ಆದರೆ ಮಾಸ್ಕ್ ಹಾಕಿದ್ದಿರಾ ಎಂದು ಯಾರನ್ನೂ ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರ ಬಾಯಲ್ಲೂ ಹೌದು ಎಂಬ ಉತ್ತರ ಸಿದ್ಧವಾಗಿರುತ್ತದೆ, ನನ್ನ ಬಾಯಲ್ಲೂ ಇತ್ತು. ಯಾರ ಮುಂದೆ ಇಳಿಸಿದಿರಿ, ಎಷ್ಟು ಹೊತ್ತು ಎಂದು ಕೇಳುತ್ತೇನೆ. ಯಾರೂ ಕೈ ಎತ್ತುವುದಿಲ್ಲ. ಆಗ ಮೊದಲು ನನ್ನದನ್ನು ಹೇಳುತ್ತೇನೆ.