ಸೋನುಬಾಯಿಗೆ ಬಂದ ಭಾಷೆ

ದುಬಲಗುಂಡಿಯ ಸೋನುಬಾಯಿ ಓದು ಬರಹ ಕಂಡವಳಲ್ಲ. ಗಂಡ ಹಣಮಂತನ ಜೊತೆ ಪಾಟೀಲರ ಹೊಲದಲ್ಲಿ ಕಳೆ ತೆಗೆಯುವುದು, ತೊಗರಿ ಕೊಯ್ಯುವುದು, ಭಾನುವಾರ ಕೇರಿಯ ಪ್ರಾರ್ಥನಾ ಮಂದಿರದಲ್ಲಿ ಹೆಂಗಸರ ಸಾಲಿನ ಕೊನೆಗೆ ಕೂತು ಹಾಡುವುದು, ಇಷ್ಟೇ ಅವಳ ಬದುಕು. ಕೇರಿಯ ಹತ್ತಾರು ಮನೆಗಳು ಅವಳ ಮಾವನ ಕಾಲದಲ್ಲೇ ಕ್ರೈಸ್ತ ಸಭೆಗೆ ಸೇರಿದ್ದವು. ಹುಮನಾಬಾದಿನಿಂದ ಪಾಸ್ಟರು ತಿಂಗಳಿಗೊಮ್ಮೆ ಬಂದು ಕರ್ತನ ಭೋಜನವೆಂದು ರೊಟ್ಟಿ, ದ್ರಾಕ್ಷಾರಸ ಕೊಟ್ಟು ಹೋಗುತ್ತಿದ್ದರು. ಉಳಿದ ವಾರ ಸಭೆ ನಡೆಸುತ್ತಿದ್ದವನು ಹಿರಿಯ ತುಳಜಾರಾಮ.

ಸೋನುಬಾಯಿಗೆ ಒಬ್ಬನೇ ಮಗ, ಅಮೃತ. ನಾಲ್ಕು ತುಂಬುತ್ತ ಬಂದರೂ ಅವನಿಗೆ ಸರಿಯಾಗಿ ಮಾತು ಬಂದಿರಲಿಲ್ಲ. ತನ್ನದೇ ಒಂದು ಭಾಷೆ ಕಟ್ಟಿಕೊಂಡಿದ್ದ. ಅದು ತಿಳಿಯುತ್ತಿದ್ದುದು ತಾಯಿಗೆ ಮಾತ್ರ. ಚಳಿಗಾಲದಲ್ಲಿ ತಾಯಿ ತಂದೆಯ ನಡುವೆ ಕೌದಿಯೊಳಗೆ ನುಸುಳುತ್ತ ‘ಲಾಪೇ, ಲಾಪೇ’ ಅನ್ನುತ್ತಿದ್ದ. ಸರಿದು ಮಲಗಿ, ನನಗೂ ಜಾಗ ಕೊಡಿ ಅಂತ ಅದರ ಅರ್ಥ. 1962ರ ಬೇಸಿಗೆಯಲ್ಲಿ ಜ್ವರ ಬಂದು ಆ ಮಗು ತೀರಿಕೊಂಡಿತು. ಸಭೆಯವರ ಮಣ್ಣಿನ ಜಾಗದಲ್ಲಿ, ಗೋಡೆಯ ಪಕ್ಕ, ಅವನನ್ನು ಹೂತರು. ‘ಅವನ ಮಗ್ಗಲದಾಗಿನ ಜಾಗ ನನಗ ಇರಲಿ’ ಎಂದು ಸೋನುಬಾಯಿ ಅಂದೇ ಎಲ್ಲರೆದುರು ಕೇಳಿಕೊಂಡಳು. ಯಾರೂ ಇಲ್ಲವೆನ್ನಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ಪ್ರಾರ್ಥನೆಯ ನಡುವೆ ಅವಳ ಬಾಯಿಂದ ತಿಳಿಯದ ಮಾತು ಹೊರಟಿತು. ಹರಿಯುವ ಹಳ್ಳದ ಹಾಗೆ ಒಂದೇ ಸಮ. ಕಣ್ಣು ಮುಚ್ಚಿತ್ತು, ಮೈ ನಡುಗುತ್ತಿತ್ತು. ಹೆಂಗಸರು ‘ಗಾಳಿ ಸೋಕ್ಯಾದ’ ಅಂತ ಹಿಂದೆ ಸರಿದರು. ತುಳಜಾರಾಮ ಕೈ ಎತ್ತಿ, “ಹೆದರಬ್ಯಾಡ್ರಿ. ಇದು ಪವಿತ್ರಾತ್ಮನ ವರ. ಅನ್ಯಭಾಷಾ ಅಂತಾರ ಇದಕ್ಕ” ಎಂದ. ಸ್ವಲ್ಪ ಹೊತ್ತು ತಲೆ ಬಾಗಿಸಿ ನಿಂತು ತಾನೇ ಅರ್ಥವನ್ನೂ ಹೇಳಿದ: ಗಂಡಸರು ಸೆರೆ ಕುಡಿಯುವುದು ಬಿಡಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು.

ಒಳ್ಳೆಯ ಮಾತೇ. ಇಬ್ಬರು ಮೂವರು ಸೆರೆ ಬಿಟ್ಟರು ಕೂಡ. ಆದರೆ ಸೋನುಬಾಯಿಗೆ ಆ ದಿನದಿಂದ ನಿದ್ದೆ ಹಾರಿತು. ತನ್ನ ಬಾಯಿಂದ ಹೊರಟ ಆ ಮಾತುಗಳ ನಡುವೆ ಅವಳು ‘ಲಾಪೇ’ ಅನ್ನುವುದನ್ನು ಕೇಳಿದ್ದಳು. ಮತ್ತೆ ವರ ಬಂದಾಗಲೂ ಕೇಳಿದಳು. ಮಾತಾಡುತ್ತಿರುವುದು ದೇವರಾತ್ಮನೋ, ನೆಲೆ ಸಿಗದೆ ತಿರುಗುತ್ತಿರುವ ತನ್ನ ಕೂಸೋ? ಕಳೆ ತೆಗೆಯುವಾಗ ಹಿಂದಿನ ಸಾಲಿನಲ್ಲಿ ಯಾರೋ ಕೂತ ಹಾಗೆ ಅನಿಸಿ ತಿರುಗಿ ನೋಡುತ್ತಿದ್ದಳು. ಹಣಮಂತನ ಮುಂದೆ ಸಹ ಬಾಯಿ ಬಿಡಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಆಮೇಲೆ ಬಂತು ಮಾಣಿಕಮ್ಮನ ತಕರಾರು.

ಮಾಣಿಕಮ್ಮ ಕೇರಿಯ ಸೂಲಗಿತ್ತಿ. ಅಮೃತನನ್ನು ಮೊದಲು ಕೈಗೆತ್ತಿಕೊಂಡವಳೂ ಅವಳೇ. ಮುದುಕಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ನರಳತೊಡಗಿದಾಗ, ಮಗ ನರಸಿಂಗ ನೆರೆಯ ಮೊಹಿನುದ್ದೀನನ ಬಂಡಿಯಲ್ಲಿ ಅವಳನ್ನು ಬಸವಕಲ್ಯಾಣದ ದರ್ಗಾಕ್ಕೆ ಕರೆದೊಯ್ದು ತಾಯತ ಕಟ್ಟಿಸಿಕೊಂಡು ಬಂದ. ತುಳಜಾರಾಮನಿಗೆ ಸುದ್ದಿ ಮುಟ್ಟಿತು. ಅವನು ಕೆಟ್ಟ ಮನುಷ್ಯನಲ್ಲ. ಹಳೆಯ ದೇವಿಯ ಸೇವೆ ಬಿಟ್ಟನೆಂದು ಚಿಕ್ಕ ವಯಸ್ಸಿನಲ್ಲಿ ಊರವರಿಂದ ಏಟು ತಿಂದವನು, ಮಂದಿರದ ಕಲ್ಲುಗಳನ್ನು ತಲೆಯ ಮೇಲೆ ಹೊತ್ತವನು. ಅಷ್ಟು ಕಷ್ಟಪಟ್ಟು ಹಿಡಿದದ್ದನ್ನು ಇನ್ನೊಬ್ಬರು ಸಡಿಲ ಬಿಡುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಮರು ಭಾನುವಾರ ಸೋನುಬಾಯಿಗೆ ವರ ಬಂತು. ತುಳಜಾರಾಮ ಅರ್ಥ ಹೇಳಿದ: “ಸಭಾದಾಗ ಹೊಲಸು ಹೊಕ್ಕದ. ತಾಯತ ಕಟ್ಟಿಸಿದ ಮನಿಯವರನ್ನ ಹೊರಗ ಹಾಕ್ರಿ ಅಂತ ಆತ್ಮ ಹೇಳಾಕತ್ತದ.”

ನರಸಿಂಗ ಎದ್ದು ನಿಂತ. “ಅವ್ವ ನರಳಾಕತ್ತಿದ್ಲು, ಕಾಕಾ. ದವಾಖಾನ್ಯಾಗ ಕೈ ಬಿಟ್ರು. ಯಾರ್ ಎಲ್ಲಿಗೆ ಕರೆದ್ರ ಅಲ್ಲಿಗೆ ಹೋದೆ. ಮಗಾ ಆಗಿ ಏನ್ ಮಾಡ್ಲಿ?”

ಅವನು ಹೊರಗೆ ನಡೆದ. ಅವನ ಹಿಂದೆ ಅರ್ಧ ಸಭೆ ಎದ್ದು ಹೋಯಿತು. ಅಂದಿನಿಂದ ಒಂದು ಗುಂಪು ಮಂದಿರದೊಳಗೆ, ಇನ್ನೊಂದು ಹುಣಸೆ ಮರದ ಕೆಳಗೆ. ಅದೇ ಹಾಡನ್ನು ಎರಡೂ ಕಡೆ ಗಂಟಲು ಹರಿಯುವ ಹಾಗೆ ಹಾಡಿದರು. ಬಾವಿಯ ಹತ್ತಿರ ಅಕ್ಕತಂಗಿಯರು ಮುಖ ತಿರುಗಿಸಿಕೊಂಡು ನೀರು ಸೇದಿದರು. ನರಸಿಂಗನ ಹೆಂಡತಿ ಸೋನುಬಾಯಿಯ ಎದುರಿಗೆ ಬಂದು ಒಮ್ಮೆ ಅಂದಳು: “ನನ್ನ ಅತ್ತಿ ನಿನ್ನ ಕೂಸಿನ ಹೊಕ್ಕಳ ಕೊಯ್ದಾಕಿ. ನಿನ್ನ ಬಾಯಿಲೇ ಆಕಿನ್ನ ಹೊರಗ ಹಾಕಿದ್ರಿ.”

ಆ ಮಾತು ಸೋನುಬಾಯಿಯ ಎದೆಯಲ್ಲಿ ನಾಟಿತು. ಸಂತೆಯ ದಿನ ಅವಳು ಬಸ್ಸು ಹತ್ತಿ ಹುಮನಾಬಾದಿಗೆ ಹೋದಳು. ಪಾಸ್ಟರ ಹೆಂಡತಿ ಯಶೋದಾಬಾಯಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಸೋನುಬಾಯಿ ಎಲ್ಲ ಹೇಳಿದಳು, ‘ಲಾಪೇ’ಯನ್ನೂ ಹೇಳಿದಳು.

“ಅಕ್ಕೋರೇ, ನನ್ನ ಮೈಯಾಗ ಬರೋದು ಯಾರು? ಖರೆ ಹೇಳ್ರಿ.”

ಯಶೋದಾಬಾಯಿ ಮೊರ ಕೆಳಗಿಟ್ಟರು. “ನನಗ ಗೊತ್ತಿಲ್ಲ, ಸೋನಾ. ಆದ್ರ ಒಂದು ಮಾತು ತಿಳ್ಕೊ. ಮಾತಾಡೋ ವರ ಬ್ಯಾರೆ, ಅರ್ಥ ಹೇಳೋ ವರ ಬ್ಯಾರೆ. ಎಲ್ಲಾ ವರನೂ ಸಭಾ ಕಟ್ಟಾಕ ಕೊಟ್ಟದ್ದು, ಒಡಿಯಾಕಲ್ಲ. ಅರ್ಥನೂ ನನಗ ಕೊಡು ಅಂತ ಬೇಡ್ಕೊ. ಸಿಗಲಿಲ್ಲಂದ್ರ ಬಾಯಿ ಹಿಡ್ಕೊ.”

“ಹಿಡಿದ್ರ ನಿಲ್ತದೇನ್ರಿ?”

“ವರ ನಿನ್ನ ಕೈಯಾಗ ಅದ. ನೀ ಅದರ ಕೈಯಾಗ ಇಲ್ಲ.”

ಅವಳು ಊರಿಗೆ ಬಂದು ಹಾಗೇ ಮಾಡಿದಳು. ಭಾನುವಾರ ಮಾತು ಉಕ್ಕಿ ಬಂದಾಗ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಳಗೆ ಆ ದನಿ ಬಾಗಿಲು ಬಡಿಯುವ ಹಾಗೆ ಬಡಿಯಿತು. ಮನೆಗೆ ಬಂದು ನೆಲಕ್ಕೆ ಮುಖವಿಟ್ಟು ಅರ್ಥ ಬೇಡಿದಳು. ಏನೂ ಬರಲಿಲ್ಲ.

ಸುಗ್ಗಿ ಮುಗಿಯುವಾಗ ಮಾಣಿಕಮ್ಮ ಸತ್ತಳು. ಮಧ್ಯಾಹ್ನದ ಉರಿಬಿಸಿಲಲ್ಲಿ ನರಸಿಂಗನ ಕಡೆಯವರು ಹೆಣ ಹೊತ್ತು ಮಣ್ಣಿನ ಜಾಗಕ್ಕೆ ಬಂದರೆ, ತುಳಜಾರಾಮ ತನ್ನವರೊಂದಿಗೆ ಬಾಗಿಲಿಗೆ ಅಡ್ಡ ನಿಂತಿದ್ದ.

“ಇಲ್ಲಿ ಜಾಗ ಇಲ್ಲ. ಹಳ್ಳದ ದಂಡೀಗೆ ಒಯ್ರಿ.”

ನರಸಿಂಗನ ಕಡೆಯ ಹುಡುಗರ ಕೈಯಲ್ಲಿ ಗುದ್ದಲಿಗಳಿದ್ದವು. ಅವನ್ನು ಹಿಡಿದ ರೀತಿ ನೆಲ ಅಗೆಯುವವರ ರೀತಿಯಾಗಿರಲಿಲ್ಲ. ತುಳಜಾರಾಮ ಅದನ್ನು ಕಂಡು ಹಿಂದೆ ತಿರುಗಿದ. “ಸೋನುಬಾಯಿ, ಮುಂದ ಬಾ. ಆತ್ಮ ಏನ್ ಹೇಳ್ತದ, ಅದೇ ಫೈಸಲಾ.”

ಅವಳು ಬಂದು ಹೆಣದ ತಲೆಯ ಕಡೆ ಮೊಣಕಾಲೂರಿದಳು. ಈ ಸಲ ತಡೆಯಲಿಲ್ಲ. ಮಾತು ಹೊರಟಿತು, ಆ ಬಿಸಿಲಲ್ಲೂ ಕೇಳಿದವರಿಗೆ ಮೈ ಜುಮ್ಮೆಂದಿತು. ಮುಗಿದಾಗ ತುಳಜಾರಾಮ ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು ನಿಂತಳು.

“ಕಾಕಾ, ಅರ್ಥ ನಾ ಹೇಳ್ತೀನಿ. ನನಗ ಕೊಟ್ಟಾನ. ಸರೀರಿ ಅಂತದ. ನನಗೂ ಜಾಗ ಕೊಡ್ರಿ ಅಂತದ. ಮೊದಲಿಂದ ಅಷ್ಟೇ ಹೇಳಾಕತ್ತದ, ಬ್ಯಾರೆ ಏನೂ ಹೇಳಿಲ್ಲ.”

ತುಳಜಾರಾಮನ ಮುಖ ಬಿಳಿಚಿತು. “ಜಾಗ ಎಲ್ಲಿ ಅದ?”

“ನನ್ನ ಕೂಸಿನ ಮಗ್ಗಲದಾಗ. ನನ್ನ ಜಾಗ ಮಾಣಿಕಮ್ಮ ಆಯಿಗೆ ಕೊಟ್ಟೀನಿ.”

ಅವಳು ಒಬ್ಬ ಹುಡುಗನ ಕೈಯಿಂದ ಗುದ್ದಲಿ ಇಸಕೊಂಡು ಒಳಗೆ ನಡೆದಳು. ತುಳಜಾರಾಮ ಅಡ್ಡ ಬರಲಿಲ್ಲ. ಅವಳು ಅಗೆಯತೊಡಗಿದ ಮೇಲೆ ಮೊದಲು ಹಣಮಂತ, ಆಮೇಲೆ ಎರಡೂ ಕಡೆಯವರು ಒಬ್ಬೊಬ್ಬರಾಗಿ ಬಂದು ಗುದ್ದಲಿ ಹಿಡಿದರು. ಮಣ್ಣು ಹಾಕುವಾಗ ನೋಡಿದರೆ ತುಳಜಾರಾಮ ಅಲ್ಲಿರಲಿಲ್ಲ.

ಸಭೆ ಮತ್ತೆ ಕೂಡಿತು, ಪೂರ್ತಿಯಲ್ಲ. ಎರಡು ಮನೆಯವರು ಬೇರೆ ಊರಿನ ಸಭೆಗೆ ಹೋದವರು ತಿರುಗಿ ಬರಲಿಲ್ಲ. ಈಸ್ಟರ್ ಹಬ್ಬಕ್ಕೆ ತುಳಜಾರಾಮ ಬಂದು ಬಾಗಿಲ ಹತ್ತಿರ ಕೂತ. ನರಸಿಂಗ ಎದ್ದು ಹೋಗಿ ಅವನಿಗೆ ಚಾಪೆ ಹಾಸಿದ.

ಆದರೆ ಸೋನುಬಾಯಿಗೆ ಆ ಭಾಷೆ ಮತ್ತೆ ಬರಲಿಲ್ಲ. ಬಂದೀತೆಂದು ಹೆದರುತ್ತಿದ್ದವಳು ಈಗ ಅದಕ್ಕಾಗಿ ಕಾದಳು. ಹೊಲದಲ್ಲಿ ತಿರುಗಿ ನೋಡಿದರೆ ಬರೀ ಸಾಲುಗಳು. ಮಗ ಎರಡನೇ ಸಲ ಹೋದ ಹಾಗಾಯಿತು. ಅಂದು ಅರ್ಥ ಕೊಟ್ಟದ್ದು ದೇವರಾತ್ಮನೋ, ತನ್ನ ಕರುಳೋ? ಜನ ಅವಳನ್ನು ಕೊಂಡಾಡಿದಷ್ಟೂ ಈ ಪ್ರಶ್ನೆ ಒಳಗೆ ಕೊರೆಯಿತು. ಕಳೆದ ಎಮ್ಮೆ ಎಲ್ಲಿದೆ, ಮದುವೆ ಕೂಡುತ್ತದೆಯೇ ಎಂದು ಕೇಳಲು ಬಂದವರನ್ನೆಲ್ಲ ಅವಳು ಬಾಗಿಲಿಂದಲೇ ಕಳಿಸಿದಳು.

1978ರಲ್ಲಿ ತುಳಜಾರಾಮನಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಗಿ, ಏನೋ ಒಂದು ಮಾತನ್ನು ತೊದಲುತ್ತ ಕಣ್ಣೀರಿಡುತ್ತಿದ್ದ. ಮನೆಯವರಿಗೆ ಒಂದೂ ತಿಳಿಯದು. ಸೊಸೆ ಬಂದು ಸೋನುಬಾಯಿಯನ್ನು ಕರೆದೊಯ್ದಳು.

“ಮಾವ ಏನ್ ಅಂತಾರ ನೋಡ್ರಿ, ಆಯಿ. ನಿಮಗ ತಿಳಿತದ.”

ಸೋನುಬಾಯಿ ಅವನ ಬಾಯಿಗೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿದಳು. ಅವಳಿಗೆ ನೆನಪಿದ್ದ ಯಾವ ಶಬ್ದವೂ ಅದರಲ್ಲಿರಲಿಲ್ಲ.

“ನನಗ ತಿಳಿಯಂಗಿಲ್ಲವ್ವಾ,” ಅಂದಳು. “ತಿಳಿಯದ್ದಕ್ಕ ನಾ ಅರ್ಥ ಹೇಳಂಗಿಲ್ಲ.”

ಆದರೂ ಮರುದಿನ ಕೆಲಸ ಮುಗಿಸಿ ಬಂದಳು. ಅವನು ತೀರಿಕೊಳ್ಳುವವರೆಗೂ ಬಂದಳು. ಗಂಜಿ ಕುಡಿಸಿ, ತುಟಿ ಒರೆಸಿ, ಅವನು ಹೇಳುವುದನ್ನು ಮುಗಿಯುವ ತನಕ ಕೇಳಿಸಿಕೊಂಡು, ಎದ್ದು ಮನೆಗೆ ಹೋಗುತ್ತಿದ್ದಳು.